ಎರಡು ತೆಕ್ಕೆ ಹುಲ್ಲು

"ಗುರುಗಳೇ, ಹುರುಳಿಲ್ಲದ ಮಾತನ್ನೆಲ್ಲ ಬಿಟ್ಟು ಮೂರು ತಿಂಗಳಾಯಿತು. ಆದರೂ ಮನಸ್ಸು ಏಕೆ ನಿಲ್ಲುತ್ತಿಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದರು. ಶಿಷ್ಯನ ಹೆಸರು ಮರಿಸಿದ್ಧ. ಮಠಕ್ಕೆ ಬಂದು ಆರು ವರ್ಷವಾಗಿತ್ತು. ಓದಿನಲ್ಲಿ ಚುರುಕು. ಯಾವ ಗ್ರಂಥ ಕೊಟ್ಟರೂ ಅದರ ಸಾರವನ್ನು ಎರಡು ಮಾತಿನಲ್ಲಿ ಹಿಂಡಿ ಕೊಡುತ್ತಿದ್ದ. ಆ ವಿಷಯದಲ್ಲಿ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

"ಯಾರ ಮಾತು ಬಿಟ್ಟೆ?" ಎಂದು ಗುರುಗಳು ಕೇಳಿದರು.

"ಎಲ್ಲರದೂ. ಅಡುಗೆಯವರ ಹತ್ತಿರ ಹರಟುವುದನ್ನು ಬಿಟ್ಟೆ. ಭಕ್ತರು ಕ್ಷೇಮ ಕೇಳಿದರೆ ತಲೆ ಮಾತ್ರ ಆಡಿಸುತ್ತೇನೆ. ಅಕ್ಕನಿಗೂ ಬರಬೇಡ ಎಂದೆ."

ಅಕ್ಕ ಎನ್ನುವಾಗ ಅವನ ದನಿ ಇಳಿಯಿತು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕ. ಅವಳನ್ನು ಬಿಟ್ಟರೆ ಅವನಿಗೆ ನಮ್ಮವರು ಎನ್ನಲು ಬೇರೆ ಯಾರೂ ಇರಲಿಲ್ಲ. ಪ್ರತಿ ಅಮಾವಾಸ್ಯೆಗೆ ಎರಡು ಹರದಾರಿ ನಡೆದು ಬಂದು, ಮಠದ ಜಗಲಿಯಲ್ಲಿ ಕೂತು, ಕಾಲು ನೀವಿಕೊಳ್ಳುತ್ತ ಊರಿನ ಸುದ್ದಿ ಹೇಳುತ್ತಿದ್ದಳು.

"ಅವಳು ಹೇಳುತ್ತಿದ್ದದ್ದಾದರೂ ಏನು?"

"ಅದನ್ನೇನು ಹೇಳಲಿ ಗುರುಗಳೇ! ಪಕ್ಕದ ಮನೆಯ ಗೋಡೆ ಬಿತ್ತಂತೆ. ಹಿತ್ತಲ ಹುಣಸೆ ಈ ಸಲ ಕಾಯಿ ಬಿಡಲಿಲ್ಲವಂತೆ. ಎಮ್ಮೆ ಗಬ್ಬವಂತೆ, ಇನ್ನು ಹದಿನೈದು ದಿನಕ್ಕೆ ಈಯುತ್ತದಂತೆ. ಒಂದು ಗಂಟೆ ಕೂತು ಕೇಳಿದರೂ ಒಂದು ಕಾಳು ಸಿಗುವುದಿಲ್ಲ, ಎಲ್ಲ ಹೊಟ್ಟು. ಕೊನೆಯ ಸಲ ಬಂದಾಗ, ‘ಅಕ್ಕ, ಹುರುಳಿದ್ದರೆ ಹೇಳು, ಇಲ್ಲವಾದರೆ ಇಷ್ಟು ದೂರ ಏಕೆ ನಡೆಯುತ್ತೀ’ ಎಂದೆ. ಅವಳು ‘ಆಗ್ಲಿ ಕಣಪ್ಪ’ ಅಂದಳು. ಸೆರಗು ಕೊಡವಿಕೊಂಡು ಎದ್ದು ಹೋದಳು. ಆಮೇಲೆ ಮೂರು ಅಮಾವಾಸ್ಯೆ ಕಳೆದವು. ಬರಲಿಲ್ಲ."

"ಒಳ್ಳೆಯದೇ ಆಯಿತಲ್ಲ. ಮನಸ್ಸು ನಿಲ್ಲಬೇಕಿತ್ತು."

"ನಿಲ್ಲಬೇಕಿತ್ತು. ಆದರೆ ಜಪಕ್ಕೆ ಕೂತರೆ ಒಳಗೆ ಏನೋ ಕೊರೆಯುತ್ತಲೇ ಇರುತ್ತದೆ."

ಗುರುಗಳು ಹೊಸೆದ ಬತ್ತಿಯನ್ನು ಕೆಳಗಿಟ್ಟರು. "ಹುರುಳು ಹುರುಳು ಎನ್ನುತ್ತೀಯಲ್ಲ, ನನಗೊಂದು ಹುರುಳಿಯ ಕತೆ ಗೊತ್ತು. ಕೇಳು" ಎಂದು ಹೇಳತೊಡಗಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅವನಿಗೆ ಒಬ್ಬ ಹೆಂಡತಿ, ಒಂದು ಕುದುರೆ. ಮಕ್ಕಳಿರಲಿಲ್ಲ. ಕುದುರೆಯ ಮೇಲೆ ಉಪ್ಪಿನ ಚೀಲ ಹೇರಿಕೊಂಡು ವಾರಕ್ಕೆ ಮೂರು ಸಂತೆ ಮಾಡುತ್ತಿದ್ದ. ಉಳಿದ ದಿನ ಮನೆಯಲ್ಲಿರುತ್ತಿದ್ದ.

ತಕ್ಕಡಿ ಹಿಡಿದು ಹಿಡಿದು ಅವನ ಕಿವಿಯೂ ತಕ್ಕಡಿಯಾಗಿಬಿಟ್ಟಿತ್ತು. ತೂಕವಿಲ್ಲದ ಮಾತು ಅದರೊಳಗೆ ಇಳಿಯುತ್ತಿರಲಿಲ್ಲ. ಹಾಗೆಂದು ಕೆಟ್ಟವನಲ್ಲ. ಕುಡಿಯುವವನಲ್ಲ, ಹೊಡೆಯುವವನಲ್ಲ, ತೂಕದಲ್ಲಿ ಯಾರಿಗೂ ಮೋಸ ಮಾಡಿದವನಲ್ಲ. ಅಷ್ಟು ಸರಿಯಾದ ಮನುಷ್ಯನ ಜೊತೆ ಬಾಳುವುದು ಎಷ್ಟು ಕಷ್ಟ ಎನ್ನುವುದು ಬೇರೆ ಮಾತು.

ಕುದುರೆಯ ಮೇವು ಹೆಂಡತಿಯ ಕೆಲಸ. ದಿನಕ್ಕೆ ಒಂದು ಸೇರು ಹುರುಳಿ ಬೇಯಿಸಿ ಹಾಕುವಳು. ಅದಕ್ಕೆ ಒಂದು ಮೊರ ಹುರುಳಿಹೊಟ್ಟು ಬೆರೆಸುವಳು. ಇದಲ್ಲದೆ ಎರಡು ತೆಕ್ಕೆ ಒಣಗರಿಕೆ, ಬೆಳಿಗ್ಗೆ ಒಂದು, ಸಂಜೆ ಒಂದು. ಮೆದೆಯಿಂದ ಹಿರಿದು ತಂದ ಹುಲ್ಲನ್ನು ಹಾಗೆಯೇ ಹಾಕುತ್ತಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಕಲ್ಲು ಇತ್ತು. ಅದರ ಮೇಲೆ ಕೂತು ಹುಲ್ಲನ್ನು ಮೂಸಿ ನೋಡುವಳು. ಮುಗ್ಗಲು ವಾಸನೆ ಬಂದದ್ದು ತಿಪ್ಪೆಗೆ. ಉಳಿದದ್ದರ ದೂಳು ಕೊಡವಿ ಮುಳ್ಳು ಆರಿಸುವಳು. ಇಷ್ಟೆಲ್ಲ ಕೈ ಮಾಡುತ್ತಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಜಂತೆ ಸಂದಿಲಿ ಗುಬ್ಬಿ ಮೂರು ಮೊಟ್ಟೆ ಇಟ್ಟದೆ ಕಣ್ರೀ, ನೋಡಿದ್ರಾ?" ಎನ್ನುವಳು.

"ಅದರಿಂದ ನಮಗೇನು ಬಂತು?"

"ಏನೂ ಬರಾಕಿಲ್ಲ. ನೀವೂ ನೋಡ್ಲಿ ಅಂತ ಹೇಳ್ದೆ."

"ಕಾಳಿದ್ದರೆ ಹೇಳು. ಹೊಟ್ಟು ತೂರಬೇಡ."

ಹೀಗೆ ಹತ್ತು ಸಲ ಆಯಿತು, ನೂರು ಸಲ ಆಯಿತು. ಕೊನೆಗೆ ಅವಳು ಗಂಡನಿಗೆ ಹೇಳುವುದನ್ನು ಬಿಟ್ಟು ಕುದುರೆಗೆ ಹೇಳತೊಡಗಿದಳು. ಕುದುರೆ ಹುಲ್ಲು ಅಗಿಯುತ್ತ ಕಿವಿ ಆಡಿಸುತ್ತಿತ್ತು. ಗಂಡನಿಗಿಂತ ಅದೇ ವಾಸಿ ಎಂದುಕೊಂಡಿದ್ದಳೋ ಏನೋ, ಬಾಯಿಬಿಟ್ಟು ಹೇಳಲಿಲ್ಲ.

ಒಂದು ವರ್ಷ ಊರಿಗೆ ಜ್ವರ ಬಂತು. ಅವಳು ಐದು ದಿನ ಮಲಗಿದಳು. ಆರನೆಯ ದಿನ ತೀರಿಕೊಂಡಳು.

ವ್ಯಾಪಾರಿ ಅತ್ತ. ತಿಥಿ ಮುಗಿಸಿ ಮತ್ತೆ ಸಂತೆಗೆ ಹೊರಟ. ಮನೆಯಲ್ಲಿ ಸದ್ದಿರಲಿಲ್ಲ. ಮೊದಮೊದಲು ಅದು ಹಿತವೆನಿಸಿತು. ತಾನು ಇಷ್ಟು ವರ್ಷ ಬೇಡಿದ್ದು ಇದನ್ನೇ ಅಲ್ಲವೇ ಎಂದುಕೊಂಡ. ತಿಂಗಳು ಕಳೆಯಿತು. ಊಟಕ್ಕೆ ಕೂತರೆ ತಾನು ಅಗಿಯುವ ಸದ್ದು ತನಗೇ ಕೇಳಿಸತೊಡಗಿತು. ನಾಲ್ಕು ತುತ್ತು ನುಂಗಿ ಎದ್ದುಬಿಡುತ್ತಿದ್ದ.

ಈಗ ಕುದುರೆಯ ಮೇವು ಅವನ ತಲೆಗೆ ಬಂತು. ಅವನು ಲೆಕ್ಕ ಹಾಕಿದ. ಒಂದು ತೆಕ್ಕೆ ಹುಲ್ಲು ತಿನ್ನಲು ಕುದುರೆಗೆ ಅರ್ಧ ದಿನ ಬೇಕು. ತಿಂದದ್ದರಲ್ಲಿ ಬಹುಪಾಲು ಲದ್ದಿಯಾಗಿ ಬೀಳುತ್ತದೆ. ಹುರುಳಿ ತಿನ್ನಲು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸಾಕು, ಕಸುವೆಲ್ಲ ಅದರಲ್ಲಿದೆ. ಅಂದಮೇಲೆ ಹುಲ್ಲು ಏಕೆ? ಲೆಕ್ಕ ಸರಿಯಾಗಿಯೇ ಇತ್ತು. ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಹುಲ್ಲು ಹಾಕಬೇಕಾದರೆ ಆ ಕಲ್ಲಿನ ಮೇಲೆ ಕೂರಬೇಕು. ಅವಳು ಕೂರುತ್ತಿದ್ದ ಕಲ್ಲಿನ ಮೇಲೆ ಕೂರಲು ಅವನಿಗೆ ಆಗುತ್ತಿರಲಿಲ್ಲ.

ಒಂದು ಸೇರು ಹುರುಳಿ ಎರಡು ಸೇರಾಯಿತು. ಎರಡು ಮೂರಾಯಿತು. ಸೇರಿನ ಬಾಯಿಯನ್ನು ಅಂಗೈಯಿಂದ ಸವರಿ, ಒಂದು ಕಾಳು ಹೆಚ್ಚಿಲ್ಲ ಒಂದು ಕಾಳು ಕಡಿಮೆಯಿಲ್ಲ ಎನ್ನುವ ಹಾಗೆ ಅಳೆದು ಹಾಕುತ್ತಿದ್ದ. ಹೊಟ್ಟು ನಿಂತಿತು. ಹುಲ್ಲು ಒಂದು ಹಿಡಿಗೆ ಇಳಿಯಿತು.

ಮೊದಲ ಹದಿನೈದು ದಿನ ಕುದುರೆಯ ಮೈ ಮಿರಮಿರ ಮಿಂಚಿತು. ಹೊತ್ತೇರಿದ ಮೇಲೆ ತಲುಪುತ್ತಿದ್ದ ಸಂತೆಗೆ ಎಳೆಬಿಸಿಲಿಗೇ ತಲುಪಿಸಿತು. ವ್ಯಾಪಾರಿ ತನ್ನ ಬುದ್ಧಿಗೆ ತಾನೇ ತಲೆದೂಗಿ ನಾಲ್ಕನೆಯ ಸೇರು ಹಾಕಿದ.

ಆಮೇಲೆ ಕುದುರೆ ಕಂಬ ಕಡಿಯತೊಡಗಿತು. ಹುರುಳಿ ಚಿಟಿಕೆಯಲ್ಲಿ ಮುಗಿಯುವುದು. ಆಮೇಲೆ ಹಗಲೆಲ್ಲ ಬರಿಬಾಯಿ. ಕಟ್ಟಿದ ಹಗ್ಗ ಅಗಿಯಿತು. ಮಣ್ಣಿನ ಗೋಡೆ ನೆಕ್ಕಿತು. ಅವನು ಹಸಿಮೆಣಸಿನಕಾಯಿ ಅರೆದು ಕಂಬಕ್ಕೆ ಬಳಿದ. ಕುದುರೆ ಮೆಣಸಿನಕಾಯಿಯ ಜೊತೆಗೇ ಕಂಬ ಕಡಿಯಿತು. "ಹುರುಳಿ ತಿಂದು ಕೊಬ್ಬಿದೆ" ಎಂದು ಬೈದ. ಕೊಬ್ಬಲ್ಲ ಮರಿಸಿದ್ಧ, ಅದು ಬೇಸರ. ಆದರೆ ಬೇಸರ ಎನ್ನುವ ಮಾತು ಅವನ ತಕ್ಕಡಿಯಲ್ಲಿ ತೂಗುತ್ತಿರಲಿಲ್ಲವಲ್ಲ.

ಒಂದು ಮಧ್ಯಾಹ್ನ ಸಂತೆಯಿಂದ ಬಂದು ಚೀಲ ಇಳಿಸಿದ. ಕುದುರೆ ನೀರು ಮುಟ್ಟಲಿಲ್ಲ. ಮುಂಗಾಲಿನಿಂದ ನೆಲ ಕೆರೆಯಿತು. ಕತ್ತು ತಿರುಗಿಸಿ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿತು. ಕಡೆಗೆ ಮಲಗಿ ಹೊರಳಾಡಿತು. ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಎಂದರೆ ಅದೊಂದೇ. ಅದೂ ಹೋದರೆ ತಾನೊಬ್ಬನೇ ಎಂದು ಆಗ ಹೊಳೆಯಿತು. ಲಾಳ ಕಟ್ಟುವ ಮುದುಕನ ಮನೆಗೆ ಓಡಿದ.

ಮುದುಕ ಬಂದು ಕುದುರೆಯ ಪಕ್ಕೆಗೆ ಕಿವಿಯಿಟ್ಟ. ಈ ಕಡೆ ಕೇಳಿದ, ಆ ಕಡೆ ಕೇಳಿದ.

"ಸದ್ದೇ ಇಲ್ವಲ್ಲ ಯಜಮಾನ್ರೇ" ಎಂದ.

"ಯಾವ ಸದ್ದು ತಾತ?"

"ಕುದುರೆ ಹೊಟ್ಟೆ ಅಂದ್ರೆ ಬೀಸೋ ಕಲ್ಲಿದ್ದಂಗೆ. ಯಾವಾಗ್ಲೂ ಗುಡುಗುಡು ಅಂತಿರಬೇಕು. ಸುಮ್ಮನಾಯ್ತು ಅಂದ್ರೆ ಗಂಡಾಂತರ. ಮೇವು ಏನು ಹಾಕ್ತಿದ್ದೀರಿ?"

"ಹುರುಳಿ. ನಾಲ್ಕು ಸೇರು."

"ಹುಲ್ಲು?"

"ಹುಲ್ಲಿನಲ್ಲಿ ಏನಿದೆ ತಾತ?"

ಮುದುಕ ಅರ್ಧ ಸವೆದ ಕಂಬವನ್ನು ನೋಡಿದ, ಅವನ ಮುಖವನ್ನು ನೋಡಿದ. "ಏನೂ ಇಲ್ಲ ಅಂತ್ಲೇ ಇಟ್ಕೊಳ್ಳಿ. ಬೀಸೋ ಕಲ್ಲು ನಿಲ್ಲದಂಗೆ ತಿರುಗೋಕೆ ಏನಾದ್ರೂ ಹಾಕ್ತಿರಬೇಕಲ್ಲ, ಅದು ಹುಲ್ಲು. ಹುರುಳಿ ಓಡ್ಸುತ್ತೆ, ಇಲ್ಲ ಅನ್ನಲ್ಲ. ಬದುಕ್ಸೋದು ಹುಲ್ಲು" ಎಂದ.

ಇಬ್ಬರೂ ಕುದುರೆಯನ್ನು ಎಬ್ಬಿಸಿ ಅಂಗಳದಲ್ಲಿ ನಡೆಸಿದರು. ಬೆಚ್ಚನೆಯ ನೀರು ಕುಡಿಸಿದರು, ಮತ್ತೆ ನಡೆಸಿದರು. ಹೊತ್ತು ಮುಳುಗುವ ವೇಳೆಗೆ ಕುದುರೆ ಬಾಲ ಎತ್ತಿತು. ಲದ್ದಿ ಬಿತ್ತು. ಲದ್ದಿ ನೋಡಿ ಕಣ್ಣೀರು ಹಾಕಿದ ಮನುಷ್ಯನನ್ನು ಆ ಮುದುಕ ಕಂಡದ್ದು ಅದೇ ಮೊದಲು.

ಹೊರಡುವಾಗ ಮುದುಕ ಹೇಳಿದ: "ಇನ್ನು ಮೊದಲಿನಂಗೇ ಹಾಕಿ. ಒಂದೊಂದು ಕುದುರೆಗೆ ಒಂದೊಂದು ಅಳತೆ. ಇದು ಇಷ್ಟು ವರ್ಷ ಯಾವ ಅಳತೇಲಿ ಚೆನ್ನಾಗಿತ್ತೋ ಅದೇ ಇದರ ಅಳತೆ. ಎಷ್ಟು ಹಾಕ್ತಿದ್ರಿ?"

"ಎರಡು ತೆಕ್ಕೆ."

"ಯಾರ ತೆಕ್ಕೆ?"

ವ್ಯಾಪಾರಿ ಕೊಟ್ಟಿಗೆಯ ಬಾಗಿಲ ಕಲ್ಲಿನ ಕಡೆ ನೋಡಿದ. ಮುದುಕ ಹೊರಟುಹೋದ.

ಮರುದಿನ ಬೆಳಿಗ್ಗೆ ಅವನು ಮೆದೆಯ ಮುಂದೆ ನಿಂತ. ಮೊದಲು ತಕ್ಕಡಿ ತಂದ. ಉಪ್ಪು ತೂಗುವ ತಟ್ಟೆಯ ಮೇಲೆ ಹುಲ್ಲು ನಿಲ್ಲಲಿಲ್ಲ, ಜಾರಿ ಜಾರಿ ಬಿತ್ತು. ನಿಂತಿದ್ದರೂ ಆಚೆ ತಟ್ಟೆಗೆ ಯಾವ ತೂಕದ ಬಟ್ಟು ಇಡಬೇಕು? ಅದೂ ತಿಳಿಯದು. ತಕ್ಕಡಿಯನ್ನು ಬದಿಗಿಟ್ಟು ತೋಳು ಚಾಚಿ ಹುಲ್ಲನ್ನು ತಬ್ಬಿದ. ಅವನು ಆಳುದ್ದದ ಗಂಡಸು, ಅವಳು ಅವನ ಎದೆಮಟ್ಟಕ್ಕೆ ಇದ್ದವಳು. ಇಷ್ಟು ದೊಡ್ಡ ತೆಕ್ಕೆ ಅವಳದಲ್ಲ. ತೋಳು ಕುಗ್ಗಿಸಿದ. ಇದು ತೀರ ಸಣ್ಣದು. ಅವಳು ಬೆರಳಿಗೆ ಬೆರಳು ಹೆಣೆಯುತ್ತಿದ್ದಳೋ, ಒಂದು ಕೈಯಿಂದ ಇನ್ನೊಂದು ಮುಂಗೈ ಹಿಡಿಯುತ್ತಿದ್ದಳೋ? ಹುಲ್ಲಿನ ಮೇಲೆ ಗಲ್ಲ ಊರುತ್ತಿದ್ದಳೋ? ದಿನಕ್ಕೆ ಎರಡು ಸಲ, ಹನ್ನೆರಡು ವರ್ಷ, ಕಣ್ಣ ಮುಂದೆಯೇ ಹೊತ್ತು ಹೋಗಿದ್ದಳು. ಯಾವ ವರ್ಷ ಯಾವ ಸಂತೆಯಲ್ಲಿ ಉಪ್ಪು ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ ನಿದ್ದೆಯಲ್ಲಿಯೂ ಹೇಳುತ್ತಿದ್ದ. ಹೆಂಡತಿಯ ತೋಳಿನ ಅಳತೆ ಅವನಿಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಅವಳಿಲ್ಲ.

ಗೊತ್ತಿದ್ದದ್ದು ಕುದುರೆಗೆ. ಅದನ್ನೇ ಕೇಳಬೇಕಾಯಿತು. ಮೊದಲ ದಿನ ಹಾಕಿದ್ದು ಸಾಲದೆ ಹೋಯಿತು. ಸಂಜೆಯಾಗುವ ಮೊದಲೇ ಮತ್ತೆ ಕಂಬಕ್ಕೆ ಬಾಯಿ ಹಾಕಿತು. ಮರುದಿನ ಹೆಚ್ಚಾಯಿತು, ಉಳಿದದ್ದನ್ನು ತುಳಿದು ಹಾಕಿತು. ಒಂದು ದಿನ ಕೂಡಿಸಿದ, ಒಂದು ದಿನ ಕಳೆದ. ಹುರುಳಿಯನ್ನು ಒಂದು ಸೇರಿಗೆ ಇಳಿಸಿ ಹೊಟ್ಟು ಬೆರೆಸಿದ. ಒಂಬತ್ತನೆಯ ದಿನ ಬೆಳಿಗ್ಗೆ ಹಾಕಿದ್ದರಲ್ಲಿ ಒಂದು ಕಡ್ಡಿ ಉಳಿಯಲಿಲ್ಲ. ಕುದುರೆ ಸಂಜೆಯವರೆಗೂ ಕಂಬದ ಕಡೆ ನೋಡಲಿಲ್ಲ.

ಆ ಸಂಜೆ ಬೆಳಗಿನ ಅಳತೆಯಲ್ಲೇ ಒಂದು ತೆಕ್ಕೆ ಹುಲ್ಲು ತಂದ. ಆರಿಸಬೇಕೆಂದು ಕಲ್ಲಿನ ಹತ್ತಿರ ಇಳಿಸಿದ. ಹುಲ್ಲು ಕೆಳಗೆ ಬಿತ್ತು. ತೋಳು ಮಾತ್ರ ಹಾಗೆಯೇ ಇದ್ದವು, ಬಳಸಿಕೊಂಡು, ಬರಿದಾಗಿ.

"ಇಷ್ಟೇ ಇದ್ದಳು" ಎಂದುಕೊಂಡ.

ಆಮೇಲೆ ಕಲ್ಲಿನ ಮೇಲೆ ಕೂತ. ಹುಲ್ಲು ಮೂಸಿದ, ದೂಳು ಕೊಡವಿದ, ಮುಳ್ಳು ಆರಿಸಿದ. ಕುದುರೆ ಅಗಿಯತೊಡಗಿತು. ಅವನು ತಲೆಯೆತ್ತಿ ಜಂತೆಯ ಸಂದಿ ನೋಡಿದ. ಗೂಡು ಇತ್ತು.

"ಗುಬ್ಬಿ ಹಾರಿಹೋಗಿವೆ ಕಣೇ" ಎಂದ.

ಕುದುರೆ ಕಿವಿ ಆಡಿಸಿತು. ಬೇರೆ ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಬತ್ತಿ ಹೊಸೆಯಲು ಹತ್ತಿ ತೆಗೆದುಕೊಂಡರು. ಮರಿಸಿದ್ಧ ನೆಲ ನೋಡುತ್ತ ಕೂತಿದ್ದ. ಆದರೂ ಅಭ್ಯಾಸ ಬಿಡಬೇಕಲ್ಲ, ತಲೆಯೆತ್ತಿ ಸಾರ ಹಿಂಡತೊಡಗಿದ.

"ತಿಳಿಯಿತು ಗುರುಗಳೇ. ಹುರುಳಿ ಎಂದರೆ ಜ್ಞಾನ. ಹುಲ್ಲು ಎಂದರೆ ಲೋಕದ ಬಳಕೆ. ತೆಕ್ಕೆ ಎಂದರೆ..."

"ಅದಿರಲಿ ಮರಿಸಿದ್ಧ, ನಿನ್ನ ಅಕ್ಕನ ಎಮ್ಮೆ ಏನು ಕರು ಹಾಕಿತು?" ಎಂದು ಗುರುಗಳು ಕೇಳಿದರು.