ಐವತ್ತೆಂಟು ದಿನ ತಡವಾಗಿ ಮುಟ್ಟಿದ ಸಾವಿನ ಸುದ್ದಿ

ಪೂಜ್ಯ ಸವೇರಪ್ಪ ಸ್ವಾಮಿಗಳು ಚಿಕ್ಕರಸನಪಾಳ್ಯದ ಚರ್ಚಿನ ವಿಚಾರಣಾ ಗುರುಗಳಾಗಿದ್ದ ಹದಿನಾಲ್ಕು ವರ್ಷಗಳಲ್ಲಿ ಅವರು ಸುಮ್ಮನೆ ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ಆ ಭಾನುವಾರ ಬೆಳಗಿನ ಆರು ಗಂಟೆಗೂ ಅವರು ದೇವಾಲಯದ ನೆಲದ ಮೇಲೆ ಮಂಡಿಯೂರಿದ್ದರು, ಪ್ರಾರ್ಥನೆಗಲ್ಲ. ಒಂದು ಕೈಯಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಕಡ್ಡಿ ಹಿಡಿದು, ಜನ ದೂರ ದೂರ ಕುಳಿತುಕೊಳ್ಳಲೆಂದು ಮಾರಿಗೊಂದರಂತೆ ಗುಂಡನೆಯ ಗೆರೆ ಎಳೆಯುತ್ತಿದ್ದರು. ಎಪ್ಪತ್ತೊಂದರ ವಯಸ್ಸು, ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಹೋಗಲು ಕಂಬ ಹಿಡಿದು ಏಳಬೇಕಿತ್ತು. ಎರಡನೆಯ ಅಲೆಯ ಲಾಕ್‌ಡೌನ್‌ನಲ್ಲಿ ಮುಚ್ಚಿದ್ದ ಬಾಗಿಲು ಅಂದು ತೆರೆಯುವುದಿತ್ತು. ಎಂಟಕ್ಕೆ ಬಲಿಪೂಜೆ. ಊರಿನವರು ರೇಷ್ಮೆ ಹುಳುಗಳಿಗೆ ಬೇಗನೆ ಸೊಪ್ಪು ಹಾಕಿ, ತಲೆಗೆ ನೀರೆರೆದುಕೊಂಡು, ಮೊದಲ ಗಂಟೆಗೆ ಕಾದು ಕುಳಿತಿದ್ದರು.

ಗಂಟೆ ಮಾತ್ರ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ, ಏಕೆಂದರೆ ಗಂಟೆಯ ಹಗ್ಗ ಮಗ್ದಲಮ್ಮನ ಮಡಿಲಲ್ಲಿತ್ತು.

ಮಗ್ದಲಮ್ಮ ಗಂಟೆ ಚಿನ್ನಪ್ಪನ ಒಬ್ಬಳೇ ಮಗಳು. ಮೂವತ್ತೆರಡು ವರ್ಷ ಆ ಊರಿನ ಗಂಟೆ ಬಾರಿಸಿದವನು ಚಿನ್ನಪ್ಪ. ಹಗ್ಗವನ್ನು ಕತ್ತಾಳೆ ನಾರಿನಲ್ಲಿ ತಾನೇ ಹೊಸೆಯುತ್ತಿದ್ದ, ಬೇರೆಯವರು ಮುಟ್ಟಿದರೆ ಗೊಣಗುತ್ತಿದ್ದ. ದೇವಾಲಯಕ್ಕೆ ಬೀಗ ಬಿದ್ದ ದಿನ, ಇಲಿ ಕಡಿದಾವೆಂದು ಅದನ್ನು ಬಿಚ್ಚಿ ಮನೆಗೆ ತಂದಿಟ್ಟಿದ್ದ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಗಂಡಸಿಗೆ ಮೂರು ಮೂರು ಏಟು, ಹೆಂಗಸಿಗೆ ಎರಡೆರಡು, ಮಗುವಿಗೆ ಒಂದೊಂದೇ ಏಟು ಬಾರಿಸುವುದು ಕ್ರಮ. ಅದು ಕಿವಿಗೆ ಬಿದ್ದ ಮೇಲೆ ಮನೆಗೊಬ್ಬರಾದರೂ ಮಣ್ಣಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರಲೇಬೇಕು. ಜಗಳವಾಡಿ ಮಾತು ಬಿಟ್ಟವರೂ ಹೋಗುತ್ತಿದ್ದರು. ಗಂಟೆಗೆ ಅಷ್ಟು ಮರ್ಯಾದೆ.

ಮೇ ತಿಂಗಳ ಹದಿನಾಲ್ಕರಂದು ಚಿನ್ನಪ್ಪನೇ ಕೊರೊನಾದಿಂದ ಆಸ್ಪತ್ರೆಯಲ್ಲಿ ತೀರಿಕೊಂಡ. ಮಗ್ದಲಮ್ಮ ಹಗ್ಗ ಹಿಡಿದು ದೇವಾಲಯದ ಗೇಟಿಗೆ ಓಡಿದಳು. ಊರ ಯಜಮಾನ ಇನ್ನಾಸಪ್ಪ ಅಡ್ಡ ನಿಂತು, "ಗಂಟೆ ಬ್ಯಾಡ ಅಂತ ಸ್ವಾಮೇರು ಫೋನ್ ಮಾಡವ್ರೆ, ಮನೆಗೋಗು," ಎಂದ. ಪ್ಲಾಸ್ಟಿಕ್ ಅಂಗಿ ತೊಟ್ಟ ನಾಲ್ವರು ಬಂದು, ಕಾಲು ಗಂಟೆಯಲ್ಲಿ ಮುಗಿಸಿ ಹೋದರು. ಅವಳು ಸಮಾಧಿ ತೋಟದ ಗೋಡೆಯಾಚೆ ನಿಂತು ನೋಡಿದಳು. ಸಂಜೆಯ ಹೊತ್ತಿಗೆ ಇನ್ನಾಸಪ್ಪ ಅವಳ ಮನೆಯ ದಾರಿಗೆ ಮುಳ್ಳು ಎಳೆಸಿದ. ಆಮೇಲೆ ಮುಳ್ಳು ತೆಗೆದರೂ ಯಾರೂ ಅವಳ ಬಾಗಿಲಿಗೆ ಬರಲಿಲ್ಲ. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಗಂಟೆ ಆಗಲಿಲ್ವಲ್ಲ." ಗಂಟೆ ಆಗದಿದ್ದರೆ ಮಣ್ಣಿಗೆ ಹೋಗಬೇಕಾದ್ದಿಲ್ಲ ಎಂದು ಅಷ್ಟು ಜನ ತಮ್ಮನ್ನು ತಾವೇ ನಂಬಿಸಿಕೊಂಡಿದ್ದರು. ಭಯಕ್ಕೆ ಒಂದು ನೆಪ ಸಿಕ್ಕಿದರೆ ಸಾಕು, ಅದು ಶಾಸ್ತ್ರವೇ ಆಗಿಬಿಡುತ್ತದೆ.

ಅಪ್ಪನಿಗೆ ಆಗದ ಗಂಟೆ ಇನ್ನು ಯಾರಿಗೂ ಆಗಬಾರದು. ಮಗ್ದಲಮ್ಮ ಅಂದೇ ಹಾಗೆಂದುಕೊಂಡಳು. ಐವತ್ತೆಂಟು ದಿನ ಅವಳು ಒಂದು ಹನಿ ಕಣ್ಣೀರನ್ನೂ ಹಾಕಿರಲಿಲ್ಲ.

ಆ ಭಾನುವಾರ ಏಳು ಗಂಟೆಗೆ ಇನ್ನಾಸಪ್ಪ ಇಬ್ಬರನ್ನು ಕಟ್ಟಿಕೊಂಡು ಅವಳ ಮನೆಗೆ ಬಂದ.

"ಹಗ್ಗ ಕೊಡು ಮಗ್ದಲಿ. ಹೊತ್ತಾಯ್ತು."

"ಕೊಡಾಕಿಲ್ಲ."

"ದೇವ್ರ ಹಗ್ಗ ಅದು. ನಿಮ್ಮಪ್ಪನ ಆಸ್ತಿಯಲ್ಲ. ಬಾವಿ ಹಗ್ಗ ಕಟ್ಟಿ ಬಾರಿಸ್ತೀವಿ ನೋಡು."

"ಬಾರಿಸಿ. ನಾನೂ ಪೂಜೆಗೆ ಬತ್ತೀನಿ. ಸ್ವಾಮೇರು ಪೂಜೆ ಶುರು ಮಾಡ್ತಿದ್ದಂಗೆ ಎದ್ದು ನಿಂತ್ಕೊಂಡು, ನಮ್ಮಪ್ಪ ಏನು ನಾಯಿನಾ ಅಂತ ಎಲ್ಲರ ಮುಂದೆ ಕೇಳ್ತೀನಿ."

ಅವಳು ಹೇಳಿದ್ದನ್ನು ಮಾಡುವವಳೇ ಎಂದು ಇನ್ನಾಸಪ್ಪನಿಗೆ ಗೊತ್ತಿತ್ತು. ಬೈದುಕೊಳ್ಳುತ್ತಾ ದೇವಾಲಯದ ಕಡೆ ಹೋದ. ಸ್ವಲ್ಪ ಹೊತ್ತಿನಲ್ಲಿ ಸ್ವಾಮಿಗಳು ಒಬ್ಬರೇ ಬಂದರು. ಬಾಯಿಗೆ ಮಾಸ್ಕು, ನಿಲುವಂಗಿಯ ಮಂಡಿಯ ಭಾಗದಲ್ಲಿ ಸುಣ್ಣ. ಜಗುಲಿ ಏರದೆ ಕೆಳಗೆ ಬಿಸಿಲಲ್ಲೇ ನಿಂತರು.

ಮಗ್ದಲಮ್ಮ ಸಿದ್ಧಳಾಗಿದ್ದಳು. ಸರ್ಕಾರದ ಆದೇಶ ಎಂದರೆ ಒಂದು ಉತ್ತರ, ಊರಿನ ಹಿತ ಎಂದರೆ ಇನ್ನೊಂದು, ದೇವರ ಚಿತ್ತ ಎಂದರೆ ಅದಕ್ಕೂ ಒಂದು ಉತ್ತರವನ್ನು ಎರಡು ತಿಂಗಳಿಂದ ಮಸೆದು ಇಟ್ಟುಕೊಂಡಿದ್ದಳು. ಸ್ವಾಮಿಗಳು ಅವುಗಳಲ್ಲಿ ಯಾವುದನ್ನೂ ಹೇಳಲಿಲ್ಲ.

"ಗಂಟೆ ಬೇಡ ಅಂದದ್ದು ನಾನೇ, ಮಗ್ದಲಮ್ಮ. ಊರಿನ ಒಳ್ಳೇದಕ್ಕೆ ಹಂಗಂದೆ ಅಂತ ಎಲ್ಲರೂ ತಿಳ್ಕೊಂಡವ್ರೆ. ನನ್ನ ಜೀವಕ್ಕೆ ಹೆದರಿ ಅಂದೆ. ಗಂಟೆ ಆಗಿದ್ರೆ ನಾನೂ ಬರಬೇಕಾಗಿತ್ತು. ತಪ್ಪಾಯ್ತು. ಕ್ಷಮಿಸವ್ವ."

ಮಸೆದಿಟ್ಟ ಉತ್ತರಗಳೆಲ್ಲ ಕೆಲಸಕ್ಕೆ ಬಾರದೆ ಹೋದವು. ಅದರಿಂದ ಅವಳ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು.

"ಕ್ಷಮಿಸಾಕಿಲ್ಲ," ಎಂದಳು.

"ಆಗಲಿ," ಎಂದರು ಸ್ವಾಮಿಗಳು. ತಲೆಬಾಗಿ ವಂದಿಸಿ ಹೊರಟರು. ಹಗ್ಗದ ಮಾತನ್ನೇ ಎತ್ತಲಿಲ್ಲ.

ಅವರು ದೇವಾಲಯದ ಕಡೆ ತಿರುಗುತ್ತಾರೆಂದು ಅವಳು ನೋಡುತ್ತಿದ್ದಳು. ಅವರು ಪಕ್ಕದ ಮನೆಯ ಮುಂದೆ ನಿಂತರು. ಸಾವಿನ ಸುದ್ದಿ ಹೊತ್ತು ಬೇರೆ ಊರಿಗೆ ಹೋಗುವವರು ಹೊಸಿಲು ತುಳಿಯುವುದಿಲ್ಲ, ಕೂರುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ. ಸ್ವಾಮಿಗಳು ಹಾಗೆಯೇ ಹೊಸಿಲಿನಿಂದ ಮಾರು ದೂರ ನಿಂತು ಕರೆದರು. ಲೂರ್ದಮ್ಮ ಎಂಬ ಹೆಂಗಸು ಮುಡಿಗೆ ಕನಕಾಂಬರ ಸಿಕ್ಕಿಸಿಕೊಳ್ಳುತ್ತಾ ಹೊರಗೆ ಬಂದಳು.

"ಗಂಟೆ ಚಿನ್ನಪ್ಪ ತೀರಿಕೊಂಡವ್ರೆ. ಮಣ್ಣಿಗೆ ಬನ್ನಿ," ಎಂದರು ಸ್ವಾಮಿಗಳು.

ಲೂರ್ದಮ್ಮ ಅವರ ಮುಖವನ್ನೇ ನೋಡಿದಳು. "ಅದಾಗಿ ಎರಡು ತಿಂಗಳಾಯ್ತಲ್ಲ ಸ್ವಾಮೇರೆ?"

"ನಿಮಗೆ ಸುದ್ದಿ ಮುಟ್ಟಿಸಬೇಕಾದವನು ನಾನು. ಅವತ್ತು ಮುಟ್ಟಿಸಲಿಲ್ಲ. ಈಗ ಹೇಳ್ತಿದೀನಿ."

ಅಷ್ಟೇ ಹೇಳಿ ಮುಂದಿನ ಮನೆಗೆ ನಡೆದರು.

ಮಗ್ದಲಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಗ್ಗವನ್ನು ಜಗುಲಿಯ ಮೇಲೆಯೇ ಬಿಟ್ಟು, ಸೆರಗು ಬಾಯಿಗೆ ಕಟ್ಟಿಕೊಂಡು, ದೂರದಿಂದ ಹಿಂಬಾಲಿಸಿದಳು. ಇದೂ ಒಂದು ನಾಟಕವೇ ಇರಬೇಕು, ನಾಲ್ಕು ಮನೆ ನೋಡಿ ಸುಸ್ತಾಗಿ ಹಿಂತಿರುಗುತ್ತಾರೆ ಎಂದುಕೊಂಡಳು. ಸ್ವಾಮಿಗಳು ಐದನೆಯ ಮನೆಗೂ ಹೋದರು, ಹತ್ತನೆಯ ಮನೆಗೂ ಹೋದರು. ಒಬ್ಬ, "ಸ್ವಾಮೇರಿಗೆ ವಯಸ್ಸಾಯ್ತು ಕಣ್ರಪ್ಪ," ಎಂದು ನಕ್ಕ. ಇನ್ನೊಬ್ಬ, ಇಷ್ಟು ದಿನದ ಮೇಲೆ ಪೂಜೆ ಅಂದ್ರೆ ಇದೇನು ಅಪಶಕುನ ಎಂದು ಅವರ ಎದುರಿಗೇ ಅಂದ. ಅವರಿಗೂ ಸ್ವಾಮಿಗಳದು ಅದೇ ಮಾತು, ಅದೇ ದನಿ. ಎಂಟು ಹೊಡೆಯಿತು, ಒಂಬತ್ತಾಯಿತು. ಯಾರೂ ಬರದಿದ್ದರೆ ಏನು ಗತಿ ಎಂದು ಮಗ್ದಲಮ್ಮನಿಗೆ ಭಯ ಹತ್ತಿತು. ಒಂದು ಸಲ ಅನಾಥನಾಗಿ ಮಣ್ಣು ಸೇರಿದ ಅಪ್ಪನನ್ನು ಈಗ ಊರೆಲ್ಲ ಎರಡನೆಯ ಸಲ ಬೇಡವೆಂದರೆ ಅದನ್ನು ತಾಳುವ ಶಕ್ತಿ ಅವಳಲ್ಲಿರಲಿಲ್ಲ. ಓಡಿಹೋಗಿ ಅವರನ್ನು ತಡೆಯಬೇಕೆನಿಸಿತು.

ಹಿಂದಿರುಗಿ ನೋಡಿದಳು. ಲೂರ್ದಮ್ಮ ಬೀದಿಗಿಳಿದಿದ್ದಳು. ಮುಡಿದ ಹೂವನ್ನು ತೆಗೆದಿದ್ದಳು. ಅವಳ ಹಿಂದೆ ಮಾರು ಬಿಟ್ಟು ಇಬ್ಬರು ಗಂಡಸರು, ಅವರ ಹಿಂದೆ ಒಬ್ಬ ಮುದುಕ. ನಕ್ಕಿದ್ದವನೂ ಹೊಸ ಅಂಗಿ ಬದಲಾಯಿಸಿ ಹಳೆಯದು ತೊಟ್ಟು ಬರುತ್ತಿದ್ದ.

ಕೊನೆಯ, ನಲವತ್ತಾರನೆಯ ಮನೆ ಇನ್ನಾಸಪ್ಪನದು. ಬಾಗಿಲು ಒಳಗಿನಿಂದ ಹಾಕಿತ್ತು.

"ಗಂಟೆ ಚಿನ್ನಪ್ಪ ತೀರಿಕೊಂಡವ್ರೆ. ಮಣ್ಣಿಗೆ ಬಾ, ಇನ್ನಾಸಪ್ಪ."

ಎರಡನೆಯ ಸಲ ಹೇಳಿದ ಮೇಲೆ ಒಳಗಿನಿಂದ ದನಿ ಬಂತು. "ಪೂಜೆ ಹೊತ್ತು ಮೀರೋಯ್ತು ಸ್ವಾಮೇರೆ. ಜನ ಎಷ್ಟು ದಿನದಿಂದ ಕಾಯ್ತಾವ್ರೆ, ನಿಮಗೆ ತಿಳೀದಾ?"

"ಚಿನ್ನಪ್ಪನೂ ಕಾಯ್ತಾವ್ನೆ," ಎಂದರು ಸ್ವಾಮಿಗಳು.

ಬಾಗಿಲು ತೆರೆಯಲಿಲ್ಲ. ಬೀದಿಯಲ್ಲಿ ಅರ್ಧ ಊರು ನಿಂತಿತ್ತು. ಮೂರನೆಯ ಸಲ ಹೇಳಲು ಬಾಯಿ ತೆರೆದರೆ ಸ್ವಾಮಿಗಳಿಗೆ ದನಿಯೇ ಹೊರಡಲಿಲ್ಲ. ಬೆಳಗಿನಿಂದ ತೊಟ್ಟು ನೀರು ಕುಡಿದಿರಲಿಲ್ಲ. ಯಾರೋ ಸ್ಟೂಲು ತಂದರು, ಬೇಡವೆಂದು ಕೈಯಾಡಿಸಿದರು. ಅವರ ಮುಖ ನೋಡಿದ ಮಗ್ದಲಮ್ಮನಿಗೆ ಒಂದು ಸಂಗತಿ ಖಚಿತವಾಯಿತು: ಬಾಗಿಲು ಸಂಜೆಗೆ ತೆರೆದರೆ ಇವರು ಸಂಜೆಯವರೆಗೂ ಹೀಗೇ ನಿಂತಿರುತ್ತಾರೆ. ಹೆದರಿದ್ದ ಮನುಷ್ಯ ಇವರೇ. ಹೆದರಿ ಮಾಡಿದ ತಪ್ಪನ್ನು ಮನೆಮನೆಯ ಮುಂದೆ ಒಪ್ಪಿಕೊಂಡು ಬಂದವರೂ ಇವರೇ. ಮುಳ್ಳು ಎಳೆಸಿದವನ ಬಾಗಿಲಿಗೆ ತಾನಾಗಿ ಹೋಗುವುದೆಂದರೆ ಅವಳಿಗೆ ಬೆಂಕಿ ತುಳಿದ ಹಾಗೆ. ಆದರೂ ಹೋದಳು. ಸ್ವಾಮಿಗಳ ಪಕ್ಕಕ್ಕೆ ಬಂದು ನಿಂತಳು.

"ಮಾವ," ಎಂದಳು. ಮೊದಲೆಲ್ಲ ಹಾಗೆಯೇ ಕರೆಯುತ್ತಿದ್ದಳು. "ನಮ್ಮಪ್ಪ ತೀರ್ಕೊಂಡ್ರು. ಮಣ್ಣಿಗೆ ಬನ್ನಿ."

ಆ ಮಾತನ್ನು ಅವಳು ಅದುವರೆಗೆ ಯಾರಿಗೂ ತನ್ನ ಬಾಯಿಂದ ಹೇಳಿರಲಿಲ್ಲ. ಹೇಳಿದ್ದೇ ತಡ, ಬೀದಿಯಲ್ಲೇ ಕುಸಿದು ಕೂತು ಅತ್ತಳು. ಎರಡು ತಿಂಗಳ ಅಳು ಒಟ್ಟಿಗೇ ಬಂತು. ಚಿಲಕ ತೆಗೆದ ಸದ್ದಾಯಿತು. ಇನ್ನಾಸಪ್ಪ ಬರಿಗಾಲಲ್ಲಿ ಹೊರಗೆ ಬಂದು, "ಬತ್ತೀನಿ ಕಣವ್ವ. ಏಳು," ಎಂದ. ಅವನ ಕಣ್ಣೂ ಊದಿಕೊಂಡಿತ್ತು. ಸಮಾಧಿ ತೋಟದಲ್ಲಿ ಮೊದಲು ಸ್ವಾಮಿಗಳು, ಆಮೇಲೆ ಮಗಳು, ಆಮೇಲೆ ಊರಿನವರು ದೂರ ದೂರ ನಿಂತು ಒಬ್ಬೊಬ್ಬರಾಗಿ ಬಂದು ಚಿನ್ನಪ್ಪನ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿದರು.

ಅಂದಿನ ಪೂಜೆ ಹನ್ನೆರಡಕ್ಕೆ ನಡೆಯಿತು, ಗಂಟೆಯಿಲ್ಲದೆ. ಗಂಟೆ ಆಗಲಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಗೆರೆ ಎಳೆದ ಜಾಗ ಸಾಲದೆ ಹೊರಗೆ ಹೊಂಗೆ ಮರದ ಕೆಳಗೂ ಜನ ಕುಳಿತರು. "ನನ್ನ ಪಾಪವೇ, ನನ್ನ ಪಾಪವೇ" ಎಂದು ಸ್ವಾಮಿಗಳು ಜನರ ಕಡೆ ತಿರುಗಿ ಎದೆ ತಟ್ಟಿಕೊಂಡರು. ಪರಮಪ್ರಸಾದ ಹಂಚುವ ಹೊತ್ತಿಗೆ ಮಗ್ದಲಮ್ಮ ಎದ್ದು ಹೋಗಿ ಅವರ ಮುಂದೆ ಕೈಯೊಡ್ಡಿದಳು. ಅವರು ಬೆಳಿಗ್ಗೆ ಕೇಳಿದ ಕ್ಷಮೆಗೆ ಅವಳು ಕೊಟ್ಟ ಉತ್ತರ ಅದು, ಮತ್ತು ಅವರಿಗದು ತಿಳಿಯಿತು.

ಮರುವಾರ ಅವಳೇ ಹಗ್ಗ ಕಟ್ಟಿದಳು. ಇಂದಿಗೂ ಆ ಊರಿನ ಗಂಟೆ ಬಾರಿಸುವವಳು ಅವಳೇ. ಯಾರಾದರೂ ತೀರಿಕೊಂಡರೆ ಗಂಟೆ ಬಾರಿಸಿ ಸುಮ್ಮನಾಗುವುದಿಲ್ಲ, ಮನೆಮನೆಗೂ ನಡೆದು ಸುದ್ದಿ ಮುಟ್ಟಿಸುತ್ತಾಳೆ. ಸತ್ತವರ ಹೆಸರು ಹೇಳಿ ಮಣ್ಣಿಗೆ ಕರೆಯುತ್ತಾಳೆ. ಸವೇರಪ್ಪ ಸ್ವಾಮಿಗಳು ಪ್ರಭುವಿನ ಪಾದ ಸೇರಿದ ದಿನ ಮಾತ್ರ ನಲವತ್ತಾರು ಹೊಸಿಲಿನ ಮುಂದೆಯೂ ಅವಳ ಬಾಯಲ್ಲಿ ಸ್ವಾಮಿಗಳ ಹೆಸರು ಬರಲಿಲ್ಲ. "ನಮ್ಮಪ್ಪ ತೀರ್ಕೊಂಡ್ರು," ಎಂದಳು. "ಮಣ್ಣಿಗೆ ಬನ್ನಿ."