ಗುಡ್ಡದಪ್ಪನ ಹೂಂ

ಒಂದಾನೊಂದು ಕಾಲದಲ್ಲಿ, ದೇವರು ಇನ್ನೂ ಮನುಷ್ಯರ ಮಾತಿಗೆ ಹೂಂಗುಟ್ಟುತ್ತಿದ್ದ ಕಾಲದಲ್ಲಿ, ಒಂದು ಕುರುಬರ ಹಟ್ಟಿಯಲ್ಲಿ ಚೆನ್ನಾಜಿ ಅಂತ ಒಬ್ಬಳು ಇದ್ದಳಂತೆ. ಗಂಡ ಇಲ್ಲ, ಮಕ್ಕಳಿಲ್ಲ. ಅವಳಿಗೆ ಇದ್ದದ್ದು ಬೇಲಿ ಕಟ್ಟಿದ ಒಂದು ರೊಪ್ಪದ ತುಂಬ ಕುರಿ, ಮತ್ತೆ ಹಟ್ಟಿಯ ಹಿಂದಿನ ಗುಡ್ಡದ ಮೇಲೆ ಕೂತಿದ್ದ ಗುಡ್ಡದಪ್ಪ. ಗುಡಿ ಇಲ್ಲ, ಗೋಪುರ ಇಲ್ಲ, ಒಂದು ಗುಂಡುಕಲ್ಲು ಅಷ್ಟೆ. ದಿನಾ ಬೆಳಿಗ್ಗೆ ಚೆನ್ನಾಜಿ ಗುಡ್ಡ ಹತ್ತಿ, ಕಲ್ಲಿಗೆ ನೀರು ಹಾಕಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು ಹಿಂದಿನ ದಿನದ್ದೆಲ್ಲ ಒಪ್ಪಿಸೋಳಂತೆ. ಅಪ್ಪಾ, ನೆನ್ನೆ ಕಾಲಿಗೆ ಮುಳ್ಳು ಚುಚ್ಚಿತು. ಹೂಂ. ಅಪ್ಪಾ, ಸಾರಿಗೆ ಉಪ್ಪು ಜಾಸ್ತಿ ಆಯಿತು, ಬಿಸಾಡದೆ ತಿಂದೆ. ಹೂಂ. ನೀನು ಈಗ ನನಗೆ ಅಂತೀಯಲ್ಲ ಮಗಾ, ಹಾಗೇ. ವರ ಗಿರ ಏನೂ ಕೊಟ್ಟವನಲ್ಲ ಅವನು. ಆದರೆ ಆ ಹೂಂ ಕಿವಿಗೆ ಬಿದ್ದರೆ ಚೆನ್ನಾಜಿಗೆ ತಾನು ಒಂಟಿ ಅನ್ನೋದೇ ಮರೆತುಹೋಗೋದಂತೆ.

ಪಕ್ಕದ ರೊಪ್ಪ ಮಾಳವ್ವನದು. ಬಾಯಿ ಜೋರು, ಕುರಿ ಮಾತ್ರ ನಾಲ್ಕೇ ನಾಲ್ಕು. ಒಂದು ಬೆಳಿಗ್ಗೆ ಚೆನ್ನಾಜಿಯ ಕೆಂಪಿ ಅನ್ನೋ ಕುರಿಯೂ ಮಾಳವ್ವನ ಚುಕ್ಕಿ ಅನ್ನೋ ಕುರಿಯೂ ಒಟ್ಟಿಗೇ ಮರಿ ಹಾಕಿದವಂತೆ. ಚುಕ್ಕಿಯ ಮರಿ ಚುರುಕಾಗಿ ಎದ್ದು ನಿಂತಿತು. ಕೆಂಪಿಯ ಮರಿ ಮಧ್ಯಾಹ್ನದೊಳಗೆ ಕಣ್ಣು ಮುಚ್ಚಿತು. ಪಾಪ, ಕೆಂಪಿ ಸತ್ತ ಮರಿಯನ್ನು ನೆಕ್ಕುತ್ತೆ, ಮೂತಿಯಿಂದ ತಿವಿದು ಎಬ್ಬಿಸುತ್ತೆ, ಕೆಚ್ಚಲು ಬಿಗಿದು ಅರಚುತ್ತೆ. ಚೆನ್ನಾಜಿಗೆ ನೋಡೋಕಾಗಲಿಲ್ಲ.

ಕುರಿ ಸಾಕುವವರಿಗೆ ಒಂದು ಉಪಾಯ ಗೊತ್ತು. ಸತ್ತ ಮರಿಯ ಚರ್ಮ ಬಿಡಿಸಿ ಯಾವುದಾದರೂ ತಬ್ಬಲಿ ಮರಿಗೆ ಹೊದಿಸಿದರೆ, ತಾಯಿ ವಾಸನೆ ನೋಡಿ ತನ್ನದೇ ಅಂದುಕೊಂಡು ಹಾಲು ಕೊಡುತ್ತೆ. ಉಪಾಯ ಒಳ್ಳೆಯದೇ. ಆದರೆ ಅವತ್ತು ತಬ್ಬಲಿ ಮರಿ ಎಲ್ಲಿಂದ ಬರಬೇಕು? ಮಾಳವ್ವ ಹಳ್ಳಕ್ಕೆ ನೀರಿಗೆ ಹೋಗಿದ್ದಾಗ ಚೆನ್ನಾಜಿ ಬೇಲಿಯ ಸಂದಿಯಿಂದ ಕೈ ಹಾಕಿ ಚುಕ್ಕಿಯ ಮರಿಯನ್ನೇ ಎತ್ತಿಕೊಂಡುಬಿಟ್ಟಳಂತೆ. ಚರ್ಮ ಹೊದಿಸಿದಳು. ಕೆಂಪಿ ಮೂಸಿತು, ಹಾಲು ಕೊಟ್ಟಿತು. ಆಮೇಲೆ ಯಾರ ಕಣ್ಣಿಗೂ ಬೀಳದ ಹಾಗೆ ಮರಿಯನ್ನು ದೊಡ್ಡ ಮಂಕರಿ ಕೆಳಗೆ ಮುಚ್ಚಿಟ್ಟಳು, ಹಾಲಿನ ಹೊತ್ತಿಗೆ ಮಾತ್ರ ಹೊರಗೆ ಬಿಡೋಳು. ಈಚೆ ಕೆಂಪಿಯ ಅಳು ನಿಂತಿತು, ಆಚೆ ಚುಕ್ಕಿಯ ಅಳು ಶುರುವಾಯಿತು.

ಮಾಳವ್ವ ಎದೆ ಬಡಿದುಕೊಂಡು ಓಡಿಬಂದಳಂತೆ. ಅಕ್ಕಾ, ನನ್ನ ಮರಿ ಕಾಣ್ತಿಲ್ಲ ಅಕ್ಕಾ! ನಿನ್ನ ಮಾತಿಗೆ ಆ ಗುಡ್ಡದಪ್ಪ ಹೂಂ ಅಂತಾನಂತೆ, ನಾನು ಕೂಗಿದರೆ ಕೆಮ್ಮೋದೂ ಇಲ್ಲ. ನೀನೇ ಕೇಳು, ಬದುಕಿದೆಯೋ ತೋಳ ತಿಂತೋ.

ಕೇಳ್ತೀನಿ ಬಿಡು, ಅಂದಳು ಚೆನ್ನಾಜಿ.

ಬೆಳಿಗ್ಗೆ ಗುಡ್ಡ ಹತ್ತಿದಳು. ಅಪ್ಪಾ, ಗಾಳಿ ಜೋರಾಗಿತ್ತು. ಅಪ್ಪಾ, ರೊಟ್ಟಿ ಸೀದುಹೋಯಿತು. ಎಲ್ಲ ಹೇಳಿದಳು, ಮರಿ ವಿಷಯ ಒಂದು ಬಿಟ್ಟು. ಹೂಂ ಬರಲಿಲ್ಲ. ಕೆಳಗೆ ಮಾಳವ್ವ ದಾರಿ ಕಾಯುತ್ತಿದ್ದಳು. ಏನಂದ ಅಕ್ಕಾ? ತೋಳ ಅಂದ ಕಣೆ, ಅಂದುಬಿಟ್ಟಳು ಚೆನ್ನಾಜಿ. ಮಾಳವ್ವ ಅಲ್ಲೇ ಕುಸಿದು ಕೂತಳಂತೆ. ಅವನೇ ಅಂದ ಮೇಲೆ ಇನ್ನೇನು, ಅಂದಳು.

ಆಮೇಲೆ ಚೆನ್ನಾಜಿ ಒಂದು ದಿನ ತಂಬಿಗೆ ತುಂಬ ನೊರೆಹಾಲು ಒಯ್ದು ಕಲ್ಲಿಗೆ ಎರೆದಳು. ಹೂಂ ಇಲ್ಲ. ಮಾರನೇ ದಿನ ಬೆಣ್ಣೆ ಮೆತ್ತಿದಳು. ಹೂಂ ಇಲ್ಲ. ಮೂರನೇ ದಿನ ಚಳಿಗಾಲಕ್ಕೆ ಅಂತ ತಾನೇ ನೂಲು ತೆಗೆದು ಮಾಡಿಸಿಕೊಂಡಿದ್ದ ಹೊಸ ಕಂಬಳಿ ಹೊದಿಸಿದಳು. ಕಿವುಡಾದೆಯಾ ಅಪ್ಪಾ, ಅಂತ ಬೈದಳು, ಅತ್ತಳು. ಅವಳ ಅಳು ಅವಳಿಗೇ ವಾಪಸು ಕೇಳಿತು. ದಿನಾ ಕೂರುವ ಜಾಗವೇ, ಆದರೂ ಯಾವುದೋ ಪರ ಊರಲ್ಲಿ ಕೂತ ಹಾಗಿತ್ತಂತೆ.

ಇಳಿದು ಬರುವಾಗ ಬೇಲಿ ಮೇಲಿಂದ ಮಾಳವ್ವ ಕೊಂಕು ತೆಗೆದಳು. ಏನಕ್ಕಾ, ಕಲ್ಲಿಗೆ ಕಂಬಳಿಯಂತೆ? ಅದರ ಒಳಗಿರೋದು ಯಾರು ಅಂತ ಕಾಣಬಾರದು ಅಂತಲಾ?

ಅವಳು ತಮಾಷೆಗೆ ಅಂದದ್ದು. ಚೆನ್ನಾಜಿಗೆ ಎದೆಗೆ ಒದ್ದ ಹಾಗಾಯಿತು. ಒಳಗೆ ಹೋಗಿ ಮಂಕರಿ ಎತ್ತಿದಳು. ಹೊದಿಸಿದ ಚರ್ಮ ನಾರುತ್ತಿತ್ತು. ಅದರೊಳಗಿಂದ ಎರಡು ಕಣ್ಣು ಪಿಳಿಪಿಳಿ ಅಂತ ನೋಡಿದವು. ಮಾಳವ್ವನ ಬಾಯಿ, ಹಟ್ಟಿಯವರ ನಗು, ಎಲ್ಲ ಕಣ್ಣ ಮುಂದೆ ಬಂತು. ಬರಲಿ, ಅಂದುಕೊಂಡಳಂತೆ. ಅವನು ಇನ್ನು ಹೂಂ ಅನ್ನದೇ ಹೋದರೂ ಹೋಗಲಿ, ಈ ಮರಿ ತಾಯಿ ಹತ್ತಿರ ಹೋಗಲಿ. ಚರ್ಮ ಕಿತ್ತೆಸೆದು, ಮರಿಯನ್ನು ತೊಳೆದು, ಎತ್ತಿಕೊಂಡು ಪಕ್ಕದ ರೊಪ್ಪಕ್ಕೆ ನಡೆದಳು.

ತೋಳ ಅಲ್ಲ ಮಾಳವ್ವ, ನಾನು. ದೇವರು ತೋಳ ಅನ್ನಲಿಲ್ಲ, ಅದೂ ನಾನೇ ಅಂದದ್ದು.

ಅಯ್ಯೋ, ಮಾಳವ್ವ ಬೈದಳು ನೋಡು! ನಿನ್ನ ಕೈಗೆ ಹುಳ ಬೀಳ, ನಿನ್ನನ್ನ ಅಕ್ಕಾ ಅಂದೆನಲ್ಲೇ! ಚೆನ್ನಾಜಿ ತಲೆ ತಗ್ಗಿಸಿ ಅಷ್ಟನ್ನೂ ಕೇಳಿದಳಂತೆ. ಅಷ್ಟರಲ್ಲಿ ಮರಿ ಒಂದು ಸಲ ಮ್ಯಾ ಅಂತು. ಚುಕ್ಕಿ ಓಡಿಬಂದು ಮೂಸಿತು, ಮರಿ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಅಲ್ಲಾಡಿಸಿತು. ಚುಕ್ಕಿಯ ಅಳು ನಿಂತಿತು. ಮಾಳವ್ವನ ಬಾಯೂ ನಿಂತಿತು. ಆ ಸದ್ದಿಲ್ಲದ ಹೊತ್ತಲ್ಲಿ, ರೊಪ್ಪದ ಮೂಲೆಯಿಂದ ಕೇಳಿಸಿತಂತೆ.

ಹೂಂ.

ಚೆನ್ನಾಜಿ ಬೆಚ್ಚಿದಳು. ಅಪ್ಪಾ, ನೀನು ಇಲ್ಲಿ?

ಮರಿ ಹೋದ ದಿನದಿಂದ ಇಲ್ಲೇ ಇದ್ದೀನಲ್ಲೇ, ಅಂದನಂತೆ ಗುಡ್ಡದಪ್ಪ. ಈ ಕುರಿ ಒಂದೇ ಸಮ ಅಳುತ್ತಿತ್ತು, ಇದಕ್ಕೆ ಹೂಂ ಅನ್ನೋರು ಯಾರೂ ಇರಲಿಲ್ಲ. ನೀನು ದಿನಾ ಈ ಬೇಲಿ ಪಕ್ಕದಲ್ಲೇ ಹಾದು ಗುಡ್ಡ ಹತ್ತಿದೆ, ಈ ಕಡೆ ಕತ್ತು ತಿರುಗಿಸಲಿಲ್ಲ. ಕಂಬಳಿ ಅಲ್ಲಿ ಹೊದಿಸಿದೆ, ಚಳಿ ಇಲ್ಲಿತ್ತು.

ಚೆನ್ನಾಜಿ ನೆಲಕ್ಕೆ ಬಿದ್ದು ಅತ್ತಳು. ಆಚೆ ಕೆಂಪಿ ಮತ್ತೆ ಅರಚಲು ಶುರು ಮಾಡಿತು. ಮಾಳವ್ವ ಮೂಗು ಒರೆಸಿಕೊಂಡು, ಏಳೇ ಕಳ್ಳಿ, ಆ ಕೆಂಪೀನೂ ಇಲ್ಲಿಗೇ ಹೊಡ್ಕೊಂಡು ಬಾ, ಅದರ ಹಾಲೂ ಈ ಮರಿ ಕುಡೀತದೆ, ಅಂದಳಂತೆ. ಆಮೇಲೆ ಆ ಮರಿ ಎರಡು ತಾಯಿ ಹಾಲು ಕುಡಿದು ಕುಡಿದು, ಬೇಲಿ ಸಂದಿಯಲ್ಲಿ ತೂರೋಕಾಗದಷ್ಟು ದಪ್ಪ ಆಯಿತಂತೆ. ಅದಕ್ಕೇ ಬೇಲಿಯನ್ನೇ ಕಿತ್ತು ಎರಡು ರೊಪ್ಪ ಒಂದು ಮಾಡಿದರಂತೆ. ಬೆಳಿಗ್ಗೆ ಇಬ್ಬರೂ ಗುಡ್ಡ ಹತ್ತೋರು. ಮಾಳವ್ವನ ಮಾತಿಗೆ ಹೂಂಗುಟ್ಟಿ ಹೂಂಗುಟ್ಟಿ ಗುಡ್ಡದಪ್ಪನಿಗೇ ಆಕಳಿಕೆ ಬರೋದಂತೆ.

ಎಲ್ಲಿ ಮಗಾ, ನಿನ್ನ ಹೂಂ? ಮಲಗಿಬಿಟ್ಟೆಯಾ? ಆಗಲಿ, ಕುರಿ ರೊಪ್ಪ ಸೇರಿತು, ಮರಿ ಮಡಿಲು ಸೇರಿತು, ನನ್ನ ಕತೆಯೂ ಮುಗೀತು.