ಬಾಬಿನ್ ಅಂಗಡಿಗೆ ಹೋದ ದೊರೆ

ಈ ಕತೆಯನ್ನು ನನಗೆ ಮೊದಲು ಹೇಳಿದ್ದು ಸೀರೆಗೆ ಫಾಲ್ಸ್ ಹಚ್ಚುತ್ತಿದ್ದ ನಳಿನತ್ತೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದ್ದು. ಎಲ್ಲಾದರೂ ಮಾತು ಬಿಟ್ಟುಹೋಗಿದ್ದರೆ ತಪ್ಪು ಗುಂಡುಪಿನ್ನಿನದು.

ಒಂದಾನೊಂದು ಊರಿನಲ್ಲಿ, ಬಟ್ಟೆ ಹರಿಯದಿದ್ದರೂ ಹೊಲಿಸುವವರ ಊರಿನಲ್ಲಿ, ಸಿಂಗಾರಮ್ಮ ಅಂತ ಒಬ್ಬಳಿದ್ದಳು. ಅವಳಿಗೊಂದು ಹೊಲಿಗೆ ಮಿಷಿನ್ನು. ಅದಕ್ಕೆ ಮಾತು ಬರುತ್ತಿತ್ತು. ಮಾತಿಗಿಂತ ಹೆಚ್ಚು ಹಟ ಬರುತ್ತಿತ್ತು.

ಆ ಊರಿನ ದೊರೆಗೆ ದೊಡ್ಡದು ಅಂದರೆ ಪ್ರಾಣ. ಸೀನುವುದಿದ್ದರೂ ದೊಡ್ಡ ಕಿಟಕಿಯ ಮುಂದೆ ಹೋಗಿಯೇ ಸೀನುತ್ತಿದ್ದ. ಒಂದು ದಿನ ಅಂಗಿ ಹೊಲಿಸಲು ಬಂದವನ ಕಣ್ಣು, ಮಿಷಿನ್ನಿನ ಹೊಟ್ಟೆಯೊಳಗೆ ಕೂರುವ ದಾರದ ಉರುಳೆ, ಬಾಬಿನ್ನಿನ ಮೇಲೆ ಬಿತ್ತು.

"ಎಂಟಾಣೆಯಷ್ಟಿದೆ! ದೊರೆಯ ಅಂಗಿಗೆ ಇಷ್ಟೇನಾ?"

"ಬುದ್ಧೀ, ಇದು ಮಿಷಿನ್ನಿಗೆ ತಕ್ಕ ಬಾಬಿನ್ನು."

"ದೊರೆಗೆ ತಕ್ಕದ್ದು ತಾ! ಅಂಗಿ ಸರಿಹೋಗದಿದ್ದರೆ ನಿನ್ನ ಮಿಷಿನ್ನನ್ನ ಅರಮನೆಗೆ ಒಯ್ದು ಹೂಕುಂಡ ಇಡಿಸ್ತೀನಿ."

"ಅಕ್ಕಾ, ನನ್ನ ಮೇಲೆ ಹೂಕುಂಡವಾ?" ಮಿಷಿನ್ನು ನಡುಗಿತು.

ಹೊಸ ಬಾಬಿನ್ನು ಕೊಳ್ಳುವವರು ಹಳೆಯದನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ, ಅಂಗಡಿಯಲ್ಲಿ ಜೋಡಿಸಿ ನೋಡುವುದು ರೂಢಿ. ಅವಳೂ ಕಟ್ಟಿಕೊಂಡಳು. ಆದರೆ ಬೇಕಾದದ್ದು ದೊರೆಗೆ ತಕ್ಕದ್ದಲ್ಲವೇ? ಅಳತೆಗೆ ದೊರೆಯನ್ನೂ ಕರೆದುಕೊಂಡು ಹೋದಳು.

ಅಂಗಡಿಯ ಪುಟ್ಟಸ್ವಾಮಪ್ಪ ದೊರೆಯನ್ನು ಮೇಜಿನ ಮೇಲೆ ಮಲಗಿಸಿ, ಒಂದೊಂದೇ ಬಾಬಿನ್ನು ಪಕ್ಕದಲ್ಲಿಟ್ಟು ನೋಡಿದ. "ಇದು ಚಿಕ್ಕದು. ಇದೂ ಚಿಕ್ಕದು. ಮಗ್ಗುಲಾಗಿ, ಬುದ್ಧೀ. ಊಹೂಂ."

ಕೊನೆಗೆ ಎರಡು ಗಾಡಿಚಕ್ರಗಳ ನಡುವೆ ಒಂದು ಒನಕೆ ಜಡಿದ. ಅದು ಸರಿಹೋಯಿತು.

"ನನ್ನ ಹೊಟ್ಟೆಗೆ ಇದು ಹಿಡಿಸಲ್ಲ," ಅಂದಿತು ಮಿಷಿನ್ನು.

ಆಗ ಬಾಬಿನ್ನಿಗೆ ತಕ್ಕ ಮಿಷಿನ್ನು ಮಾಡಿಸಿದರು. ಆ ಮಿಷಿನ್ನಿಗೆ ತಕ್ಕ ಸೂಜಿ, ಬಾವುಟದ ಕಂಬದಷ್ಟು. ಆ ಸೂಜಿಗೆ ತಕ್ಕ ದಾರ, ಬಾವಿಹಗ್ಗದಷ್ಟು. ಆ ದಾರಕ್ಕೆ ತಕ್ಕ ಅಂಗಿ, ಗುಡ್ಡದಷ್ಟು. ಪೆಡಲು ತುಳಿಯಲು ಎಂಟು ಎತ್ತು.

ದೊರೆ ಅಂಗಿಯೊಳಗೆ ಹೋದ. ಹೋದವನು ಬರಲೇ ಇಲ್ಲ.

"ಬುದ್ಧೀ, ಎಲ್ಲಿದ್ದೀರಿ?" ಮಂತ್ರಿ ಕೂಗಿದ.

"ಎಡತೋಳಿನಲ್ಲಿ! ಮೊಣಕೈ ಹತ್ತಿರ ದಾರಿ ತಪ್ಪಿತು! ಊಟವಾದರೂ ಕಳಿಸಿ!"

ಊಟ ಒಯ್ದ ಅಡಿಗೆಯವನು ಜೇಬಿನಲ್ಲಿ ಕಳೆದುಹೋದ. ಅವನನ್ನು ಹುಡುಕಲು ಹೋದ ಮಂತ್ರಿ ಕಾಲರಿನಲ್ಲಿ.

ಸಿಂಗಾರಮ್ಮ ಸೆರಗಿನ ಗಂಟು ಬಿಚ್ಚಿದಳು. ದಾರದ ತುದಿ ತಾನು ಹಿಡಿದು, ಎಂಟಾಣೆಯಷ್ಟಿದ್ದ ಬಾಬಿನ್ನನ್ನು ಒಳಕ್ಕೆ ಉರುಳಿಸಿದಳು. ಅದು ಜೇಬಿಗೆ ಹೋಯಿತು, ಕಾಲರಿಗೆ ಹೋಯಿತು, ಮೊಣಕೈಗೂ ಹೋಯಿತು. ದಾರ ಹಿಡಿದು ಮೂವರೂ ಗುಂಡಿಕಾಜದಿಂದ ಹೊರಬಂದರು.

ದೊರೆ ಬಾಬಿನ್ನನ್ನು ಅಂಗೈಲಿಟ್ಟು ನೋಡಿದ. "ಇಷ್ಟೇ ಇಷ್ಟಿದೆ," ಅಂದ. "ಆದರೂ ನನ್ನವರೆಗೆ ಬಂತು. ಸಿಂಗಾರಮ್ಮಾ, ಇದರಲ್ಲೇ ಒಂದು ಅಂಗಿ ಹೊಲಿದುಕೊಡ್ತೀಯಾ?"

"ಅದಕ್ಕೇನಂತೆ ಬುದ್ಧೀ, ಅಳತೆಗೆ ಹಳೇ ಅಂಗಿ ತಂದಿದ್ದೀರಾ?"

ಹೂಕುಂಡ ದೊಡ್ಡ ಮಿಷಿನ್ನಿನ ಮೇಲೇರಿತು. ಚಿಕ್ಕದು ಕಟಕಟ ನಕ್ಕು ಹೊಲಿಯತೊಡಗಿತು.

ಇದರ ನೀತಿ: ಬಾಬಿನ್ನು ಕೊಳ್ಳಲು ಹೋಗುವಾಗ ಹಳೇ ಬಾಬಿನ್ನು ಒಯ್ಯಿರಿ, ದೊರೆಯನ್ನು ಮನೆಯಲ್ಲೇ ಬಿಡಿ. ನಾನು ಹೇಳಿದ್ದಾಯಿತು, ಇನ್ನು ನೀವು ಒಬ್ಬರಿಗೆ ಹೇಳಿ. ಬಾಯಲ್ಲಿ ಗುಂಡುಪಿನ್ನಿದ್ದರೆ ಮೊದಲು ತೆಗೆದಿಡಿ.